ಗಂಡುನಾಯಿ ಸಾಕಿದ ಮನೆಯವರಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಗಂಡುನಾಯಿ ಸಾಕಿರುವ ಎಲ್ಲ ಮನೆಯವರಿಗೆ,

ನಾನು ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕು, ಕೊಟ್ಟಿದ್ದು ಹೊಸನಗರಕ್ಕೆ, ಅಕ್ಕನ ಮನೆ ಸಾಗರದಿಂದ ಆಚೆ. ಮೂರೂ ಕಡೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದವಳು. ಮೂರೂ ಕಡೆ ಅಂಗಳದಲ್ಲಿ ಮಲಗಿರುವುದು ಗಂಡುನಾಯಿಯೇ. ಮರಿ ಕೇಳಿಕೊಂಡು ಯಾರೇ ಬರಲಿ, ಮೊದಲ ಮಾತು, "ಗಂಡಾದ್ರೆ ಕೊಡಿ." ಯಾಕೆ ಎಂದರೆ, "ಹೆಣ್ಣಾದ್ರೆ ರಗಳೆ ಮಾರಾಯ್ರೆ." ರಗಳೆ ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ವರ್ಷಕ್ಕೆ ಎರಡು ಸಲ ಬೆದೆಗೆ ಬರುವುದು, ಊರ ಗಂಡುನಾಯಿಗಳೆಲ್ಲ ಉಣುಗೋಲಿನ ಹತ್ತಿರ ಜಮಾಯಿಸುವುದು, ಆಮೇಲೆ ಐದೋ ಆರೋ ಮರಿ. ಆ ರಗಳೆ ಬೇಡವೆಂದೇ ನೀವು ಗಂಡು ತಂದಿರಿ. ಆದರೆ ಉಣುಗೋಲಿನ ಹತ್ತಿರ ಜಮಾಯಿಸುವವು ಯಾರ ಮನೆಯವು? ನಾನು ಕೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಸೇರಿಸಿಕೊಂಡು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವುದು ರಾಣಿ. ಅರ್ಧ ಲ್ಯಾಬ್ರಡಾರ್, ಉಳಿದರ್ಧ ಏನೆಂದು ಅವಳ ತಾಯಿಗೇ ಗೊತ್ತು. ಎರಡು ವರ್ಷದ ಹಿಂದೆ ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದ ವಾರವೇ ಬೆದೆಗೆ ಬಂದಳು. ಕಾರ್ತಿಕ ಅಂದರೆ ನಾಯಿಗಳ ಮಾಸ ಅನ್ನುವುದು ಹಳೆಯ ಮಾತು. ಮನೆಯಲ್ಲಿ ತಿಂದುಂಡು ಇರುವ ನಾಯಿಗೆ ಮಾಸದ ಹಂಗಿಲ್ಲ, ಯಾವಾಗ ಬೇಕಾದರೂ ಬೆದೆಗೆ ಬಂದೀತು. ಆದರೆ ಬೀದಿಯಲ್ಲಿ ಬೆಳೆದವು ಮಳೆ ಹಿಂದಾದ ಮೇಲೆಯೇ ಹೆಚ್ಚು. ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ಮೈತುಂಬ ಕೆಲಸ. ಕೊನೆಗೌಡ ಮರದ ಮೇಲೆ, ಹೆಂಗಸರು ಮೆಟ್ಟುಗತ್ತಿಯ ಮುಂದೆ, ಹಂಡೆಯಲ್ಲಿ ಅಡಿಕೆ ಕುದಿಯುತ್ತಿರುತ್ತದೆ. ರಾಣಿಯನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಿ ಬಾಗಿಲಿಗೆ ಅಡ್ಡಮರ ಕೊಟ್ಟಿದ್ದೆ. ರಾತ್ರಿ ಸುಲಿಯಲು ಕೂತರೆ ದೀಪದ ಬೆಳಕು ಮುಗಿದಲ್ಲಿಂದ ಕಣ್ಣುಗಳು ಹೊಳೆಯುತ್ತಿದ್ದವು. ಅಡಿಕೆ ಅಟ್ಟದ ಕಂಬದ ಹತ್ತಿರ ಎರಡು ನಾಯಿ, ಗೊಬ್ಬರಗುಂಡಿಯ ಮೇಲೊಂದು, ತೋಟದ ದಾರಿಯಲ್ಲೊಂದು. ಯಾವುದೂ ಬೊಗಳುತ್ತಿರಲಿಲ್ಲ. ಅಷ್ಟು ತಾಳ್ಮೆಯನ್ನು ನಾನು ಮನುಷ್ಯರಲ್ಲಿ ಕಂಡದ್ದು ಕಡಿಮೆ. ಹನ್ನೆರಡನೇ ದಿನ ಬೆಳಿಗ್ಗೆ ಸೌದೆಗೆ ಹೋದವರು ಅಡ್ಡಮರ ಹಾಕದೆ ಬಂದರು. ಹೋದವಳು ನಾನೇ, ಬೇರೆಯವರ ತಲೆಗೆ ಕಟ್ಟುವುದು ಬೇಡ.

ಹತ್ತು ನಿಮಿಷ ಕಳೆದು ನೋಡುವಾಗ ಅಂಗಳದ ಮಧ್ಯೆ ಎರಡೂ ಬೆನ್ನಿಗೆ ಬೆನ್ನು ಹಾಕಿ ಗಂಟುಬಿದ್ದು ನಿಂತಿವೆ. ಗಂಡು ಯಾರದೆಂದು ಕೇಳಬೇಕಾಗಿರಲಿಲ್ಲ. ಹಳ್ಳದಾಚೆ ಮನೆಯ ಕರಿಯ, ಕುತ್ತಿಗೆಯಲ್ಲಿ ಕೆಂಪು ಬೆಲ್ಟು. ಕೆಲಸಕ್ಕೆ ಬಂದವರೆಲ್ಲ ಎದ್ದು ನಿಂತರು. ಸಣ್ಣ ಹುಡುಗನೊಬ್ಬ ಕಲ್ಲು ಹೆಕ್ಕಿದ. ಒಬ್ಬರು ಹಂಡೆಯಿಂದ ಬಿಸಿ ಚೊಗರನ್ನು ತಂಬಿಗೆಯಲ್ಲಿ ಮೊಗೆದುಕೊಂಡೇ ಬಂದರು, ಸುರಿದರೆ ಬಿಡುತ್ತವಂತೆ. ನಾನು ಮಧ್ಯ ಹೋಗಿ ನಿಂತೆ.

ಯಾಕೆ ತಡೆದೆ ಎಂಬುದು ಅಲ್ಲಿ ನಿಂತುಕೊಂಡು ಹೇಳುವ ವಿಷಯವಲ್ಲ, ಬರೆದೇ ಹೇಳುತ್ತೇನೆ. ಗಂಡಿನ ಅಂಗದ ಬುಡದಲ್ಲಿ ಗಡ್ಡೆಯಂಥ ಒಂದು ಭಾಗವಿದೆ. ಒಳಗೆ ಹೋದ ಮೇಲೆ ಅದು ಉಬ್ಬುತ್ತದೆ, ಹೆಣ್ಣಿನ ಸ್ನಾಯು ಅದನ್ನು ಬಿಗಿಹಿಡಿಯುತ್ತದೆ. ಉಬ್ಬು ಇಳಿಯುವ ತನಕ ಬಿಡಿಸಿಕೊಳ್ಳುವುದು ಎರಡಕ್ಕೂ ಸಾಧ್ಯವಿಲ್ಲ. 5 ನಿಮಿಷವಿರಬಹುದು, ಅರ್ಧ ಗಂಟೆಯಿರಬಹುದು, ಕೆಲವು ಸಲ ಇನ್ನೂ ಹೆಚ್ಚು. ಎಳೆದರೆ, ಹೊಡೆದರೆ, ಹೆದರಿಸಿ ಓಡಿಸಿದರೆ ಎರಡರ ಒಳಅಂಗವೂ ಹರಿಯಬಹುದು. ಅಷ್ಟು ಹಿಂಸೆ ಕೊಟ್ಟು ಲಾಭವೇನಾದರೂ ಇದೆಯೇ ಎಂದರೆ ಅದೂ ಇಲ್ಲ. ವೀರ್ಯದ ಮುಖ್ಯ ಪಾಲು ಮೊದಲೇ ಹೋಗಿರುತ್ತದೆ, ಗಂಟುಬಿದ್ದ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ. ಮಾಡಬಹುದಾದ ಕೆಲಸ ಒಂದೇ. ಹೆಣ್ಣಿನ ತಲೆ ಸವರುತ್ತ, ಅದು ಗಾಬರಿಯಿಂದ ಓಡದಂತೆ, ಮಲಗದಂತೆ ಹಿಡಿದುಕೊಂಡು ನಿಲ್ಲುವುದು. ನಾನು 20 ನಿಮಿಷ ನಿಂತೆ. ಸುಲಿಯುವವರಿಗೆ ಅವತ್ತಿಡೀ ನಗುವುದಕ್ಕೆ ಅಷ್ಟು ಸಾಕಾಯಿತು.

ಸಂಜೆ ಹಾಲಿನ ಡೈರಿಯಲ್ಲಿ ಕರಿಯನ ಯಜಮಾನರು ಸಿಕ್ಕಿದರು. ಜಗಳಕ್ಕೆ ಹೋದವಳಲ್ಲ ನಾನು. ಹೀಗಾಯಿತು, ಡಾಕ್ಟರ ಹತ್ತಿರ ಹೋಗಬೇಕು, ಮರಿಯಾದರೆ ಒಂದೆರಡಕ್ಕೆ ನೀವೂ ಮನೆ ಹುಡುಕಿಕೊಡಬೇಕು ಅಂದೆ. ಅವರು ಕ್ಯಾನು ಕೆಳಗಿಟ್ಟು ನಕ್ಕರು. "ಅಕ್ಕಾ, ಅದು ಗಂಡು. ಹೋಗೇ ಹೋಗ್ತದೆ. ನಿಮ್ದನ್ನ ನೀವು ಭದ್ರ ಮಾಡ್ಕೋಬೇಕಿತ್ತು." ಸುತ್ತ ನಿಂತವರೂ ತಲೆಯಾಡಿಸಿದರು. ಈ ಮಾತನ್ನು ನಾನು ನಾಯಿಗಳ ವಿಷಯ ಅಲ್ಲದ ಕಡೆಯೂ ಕೇಳಿದ್ದೇನೆ. ಇಲ್ಲಿ ಅದನ್ನು ಎತ್ತುವುದಿಲ್ಲ.

ಎತ್ತಬೇಕಾದದ್ದು ಬೇರೆ ಇದೆ. ಇದೇ ಸೀಮೆಯಲ್ಲಿ ಜಾತಿನಾಯಿಯನ್ನು ಬೇಕೆಂದೇ ಕೂಡಿಸುವಾಗ ಲೆಕ್ಕಾಚಾರ ಹೇಗಿರುತ್ತದೆ ಗೊತ್ತಲ್ಲ? ಹೆಣ್ಣಿನ ಮನೆಯವರು ನಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಗಂಡಿನ ಮನೆಗೆ ಬರಬೇಕು. ಗಂಡಿನ ಮನೆಯವರಿಗೆ ಇಂತಿಷ್ಟು ದುಡ್ಡು, ಇಲ್ಲವೇ ಮರಿಯಾದ ಮೇಲೆ ಮೊದಲು ಆರಿಸಿಕೊಳ್ಳುವ ಹಕ್ಕು. ಒಂದು ಮರಿ ನಿಮ್ಮದೇ ಎಂದು ಆಗ ನಿಮಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಬೇಲಿ ಹಾರಿ ಆದಾಗ ಮಾತ್ರ ಆರಕ್ಕೆ ಆರೂ ನಮ್ಮವು!

"ನಮ್ಮದೇ ಅಂತ ಏನು ಗ್ಯಾರಂಟಿ, ನಾಲ್ಕು ನಾಯಿ ಇದ್ದವಲ್ಲ" ಎಂಬ ಮಾತೂ ಡೈರಿಯಲ್ಲಿ ಬಂತು. ನ್ಯಾಯವಾದ ಪ್ರಶ್ನೆ. ಹೆಣ್ಣುನಾಯಿ ಬಿಡುವ ಅಂಡ ಬಿಟ್ಟ ಕೂಡಲೇ ಬಲಿತಿರುವುದಿಲ್ಲ, ಇನ್ನೂ ಎರಡು ಮೂರು ದಿನ ಬೇಕು. ಗಂಡಿನ ವೀರ್ಯಾಣು ಒಳಗೆ ಐದಾರು ದಿನ ಬದುಕಿರಬಲ್ಲದು. ಆದ್ದರಿಂದ ಸೋಮವಾರ ಬಂದ ನಾಯಿಯೂ ಬುಧವಾರ ಬಂದ ನಾಯಿಯೂ ಒಂದೇ ಸೂಲಿಗೆ ಅಪ್ಪಂದಿರಾಗಬಹುದು, ಒಂದೊಂದು ಮರಿಗೆ ಒಬ್ಬೊಬ್ಬ. ಮರಿಯ ಬಣ್ಣ ನೋಡಿ "ಇದು ನಮ್ಮದಲ್ಲ" ಎನ್ನುವವರು ಪಕ್ಕದ ಮರಿಯ ಬಣ್ಣವನ್ನೂ ನೋಡಬೇಕು. ಇದರಿಂದ ಹೊರಡುವ ಇನ್ನೊಂದು ವಿಷಯ ಹೆಣ್ಣಿನ ಮನೆಯವರಿಗೆ: ಒಂದು ಸಲ ಆಗಿಹೋಯಿತು, ಇನ್ನೇನು ಎಂದು ಬಿಟ್ಟುಬಿಡಬೇಡಿ. ಬೆದೆ ಪೂರ್ತಿ ಇಳಿಯುವ ತನಕ ಬಾಗಿಲು ಹಾಕಿಯೇ ಇರಬೇಕು.

ಮರುದಿನ ಇನ್ನೊಬ್ಬರು ಬಂದು ನಿಟ್ಟುಸಿರು ಬಿಟ್ಟರು. "ಅಯ್ಯೋ, ಒಳ್ಳೆ ನಾಯಿ, ಕಂತ್ರಿ ಸೇರಿ ಜಾತಿ ಕೆಡ್ತಲ್ಲ. ಇನ್ನು ಮುಂದೆ ಹುಟ್ಟೋವೆಲ್ಲ ಹಾಗೇ." ಈ ನಂಬಿಕೆ ನಮ್ಮೂರಿನದು ಮಾತ್ರ ಅಲ್ಲ. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲೇ ಮಾರ್ಟನ್ ಎಂಬ ಜಹಗೀರುದಾರನೊಬ್ಬನ ವರದಿ ಬಂದಿತ್ತು. ಜೀಬ್ರಾದಂಥ ಪ್ರಾಣಿಯೊಂದಿಗೆ ಒಮ್ಮೆ ಕೂಡಿದ ಕುದುರೆ ಆಮೇಲೆ ಕುದುರೆಗೇ ಹಾಕಿದ ಮರಿಯಲ್ಲೂ ಪಟ್ಟೆ ಕಂಡಿತಂತೆ. ಡಾರ್ವಿನ್‌ನಂಥ ಡಾರ್ವಿನ್ನನೂ ಅದನ್ನು ನಂಬಿದ. ಆ ಶತಮಾನದ ಕೊನೆಯಲ್ಲಿ ಕೊಸಾರ್ ಯೂವರ್ಟ್ ಎಂಬ ಪ್ರಾಣಿವಿಜ್ಞಾನಿ ಸ್ಕಾಟ್‌ಲೆಂಡಿನಲ್ಲಿ ಜೀಬ್ರಾ, ಕುದುರೆಗಳನ್ನೇ ಸಾಕಿ ಪರೀಕ್ಷೆ ಮಾಡಿ, ಹಾಗೇನೂ ಇಲ್ಲವೆಂದು ತೋರಿಸಿದ. ಒಂದು ಸೂಲಿನ ಅಪ್ಪನ ಗುರುತು ಮುಂದಿನ ಸೂಲಿಗೆ ದಾಟುವುದಿಲ್ಲ. ಕಂತ್ರಿಯ ಬಗ್ಗೆ ಅಷ್ಟು ತಾತ್ಸಾರವಿದ್ದರೆ ಮನೆ ಕಾಯಲು ಅದೇ ಯಾಕೆ ಬೇಕು? ನಮ್ಮ ಮಳೆಗೆ, ನಮ್ಮ ಜಿಗಣೆಗೆ, ನಮ್ಮ ಅನ್ನಕ್ಕೆ ಹೊಂದಿಕೊಂಡು ಹದಿನಾಲ್ಕು ವರ್ಷ ಬಾಳುವುದು ಅದೇ. ಜಾತಿ ಕೆಟ್ಟಿತು ಅನ್ನುವ ಮಾತು ಬಾಯಿಂದ ಬರುವಾಗ ಅಷ್ಟೊಂದು ರೂಢಿಯಂತೆ ಬರುತ್ತದಲ್ಲ, ನನಗೆ ಕಸಿವಿಸಿ ಆಗುವುದು ಅದಕ್ಕೆ.

ಈಗ ಔಷಧಿಯ ವಿಷಯ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅವತ್ತು ನನಗೆ ಸಿಕ್ಕಿದ ಸಲಹೆಗಳಲ್ಲಿ ಹೆಚ್ಚಿನವು ರಾಣಿಯ ಪ್ರಾಣಕ್ಕೇ ಕುತ್ತಾಗುವಂಥವು. ಒಬ್ಬರು ಹೆಂಗಸರು ನುಂಗುವ ಮಾತ್ರೆ ಕೊಡಿ ಅಂದರು. ಇನ್ನೊಬ್ಬರು ಪಪ್ಪಾಯಿಕಾಯಿ. ಮತ್ತೊಬ್ಬರಿಗೆ ಪೇಟೆಯ ಔಷಧಿ ಅಂಗಡಿಯಲ್ಲಿ "ಮರಿ ನಿಲ್ಲದ ಇಂಜೆಕ್ಷನ್" ಸಿಗುವುದು ಗೊತ್ತಿತ್ತು, ಚುಚ್ಚುವವರನ್ನೂ ಅವರೇ ಕರೆತರುವವರಿದ್ದರು. ಮನುಷ್ಯರ ಮಾತ್ರೆಯನ್ನು ನಾಯಿಗೆ ಅಂದಾಜಿನಲ್ಲಿ ಕೊಡಬಾರದು. ಹಿಂದೆಲ್ಲ ಇದಕ್ಕೆ ಈಸ್ಟ್ರೋಜನ್ ಇಂಜೆಕ್ಷನ್ ಕೊಡುವ ಪದ್ಧತಿ ಇತ್ತು. ಅದು ಮೂಳೆಯೊಳಗಿನ ಮಜ್ಜೆಯನ್ನು ಕೆಡಿಸಿ ರಕ್ತವೇ ಹುಟ್ಟದಂತೆ ಮಾಡಬಲ್ಲದು, ಗರ್ಭಕೋಶದಲ್ಲಿ ಕೀವು ತುಂಬಿಸಬಲ್ಲದು. ಕೀವು ತುಂಬಿದ್ದು ತಕ್ಷಣ ಗೊತ್ತಾಗುವುದಿಲ್ಲ. ಬೆದೆ ಮುಗಿದು ಒಂದೆರಡು ತಿಂಗಳಾದ ಮೇಲೆ ನಾಯಿ ನೀರು ಕುಡಿದಿದ್ದೇ ಕುಡಿದಿದ್ದು, ಅನ್ನ ಬಿಡುತ್ತದೆ, ವಾಂತಿ, ಕೆಲವಕ್ಕೆ ಹಿಂದಿನಿಂದ ಕೆಟ್ಟ ವಾಸನೆಯ ಸ್ರಾವ. ಅಷ್ಟು ಕಂಡರೆ ನಾಳೆ ನೋಡೋಣ ಎನ್ನಬಾರದು, ಅವತ್ತೇ ಆಪರೇಷನ್ ಆಗಬೇಕಾದೀತು.

ನಾವು ಹೋದ ಪಶುವೈದ್ಯರು ಅವಸರ ಮಾಡಲಿಲ್ಲ. ಮೊದಲು ಕೇಳಿದ್ದು, ಈ ನಾಯಿಯಿಂದ ಮುಂದೆ ಎಂದಾದರೂ ಮರಿ ಬೇಕೇ ಎಂದು. ಬೇಡವಾದರೆ ಒಂದು ತಿಂಗಳೊಳಗೆ ಗರ್ಭಕೋಶ, ಅಂಡಾಶಯ ತೆಗೆದುಬಿಡುವುದೇ ನೇರವಾದ ದಾರಿ. ಬಸುರೂ ಇಲ್ಲ, ಮುಂದಿನ ಬೆದೆಯೂ ಇಲ್ಲ, ಕೀವಿನ ಭಯವೂ ಇಲ್ಲ. ಮುಂದೆ ಮರಿ ಬೇಕು, ಈಗ ಬೇಡ ಎನ್ನುವವರಿಗೆ ಬಸುರು ಇಳಿಸುವ ಔಷಧಿಗಳೂ ಇವೆ, ಆದರೆ ಬಸುರು ನಿಂತದ್ದು ಖಾತ್ರಿಯಾದ ಮೇಲೆ, ವೈದ್ಯರ ಕಣ್ಣೆದುರೇ ಆಗಬೇಕು. ಕೂಡಿದ್ದೆಲ್ಲ ಬಸುರಾಗುವುದೂ ಇಲ್ಲ. ಖಾತ್ರಿ ಮಾಡಿಕೊಳ್ಳಲು 25 ದಿನ ಕಳೆದು ಸ್ಕ್ಯಾನ್ ಮಾಡಿಸಬೇಕು. ಮನುಷ್ಯರ ಮೂತ್ರ ಪರೀಕ್ಷೆಯ ಪಟ್ಟಿ ನಾಯಿಗೆ ಉಪಯೋಗವಿಲ್ಲ, ಅದು ಹುಡುಕುವ ಹಾರ್ಮೋನು ನಾಯಿಯಲ್ಲಿ ಬರುವುದೇ ಇಲ್ಲ. ಹೊಟ್ಟೆ ಮೊಲೆ ನೋಡಿ ಹೇಳಿಬಿಡುತ್ತೇನೆ ಅನ್ನುವ ಹಿರಿಯರೂ ಜೋಪಾನ. ಕೂಡದೇ ಇದ್ದ ನಾಯಿಗೂ ಬೆದೆ ಕಳೆದು ಎರಡು ತಿಂಗಳಿಗೆ ಮೊಲೆ ತುಂಬಿ ಹಾಲು ಬರುತ್ತದೆ, ಚಪ್ಪಲಿಯನ್ನು ಮರಿಯೆಂದು ನೆಕ್ಕುತ್ತ ಮಲಗುತ್ತದೆ. ಅದಕ್ಕೆ ಸುಳ್ಳು ಬಸುರು ಅನ್ನುತ್ತಾರೆ.

ಸ್ಕ್ಯಾನಿಗೆ, ದೊಡ್ಡ ಆಪರೇಷನ್ನಿಗೆ ನಮ್ಮ ಮೂರೂ ತಾಲ್ಲೂಕಿನವರು ಹೆಚ್ಚಾಗಿ ಶಿವಮೊಗ್ಗಕ್ಕೇ ಹೋಗಬೇಕು. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಖಾಸಗಿ ಕ್ಲಿನಿಕ್ಕಿಗೋ. ಯಾವ ತಾಲ್ಲೂಕು ಪೇಟೆಯಿಂದ ಹೊರಟರೂ ಸುಮಾರು 60–70 ಕಿ.ಮೀ. ಬಸ್ಸಿನಲ್ಲಿ ನಾಯಿ ಹತ್ತಿಸುವುದು ಕಷ್ಟ, ಗಾಡಿ ಬಾಡಿಗೆ ಆಗಬೇಕು. ಕೊಯ್ಲಿನ ನಡುವೆ ಒಬ್ಬರಿಗೆ ಒಂದು ದಿನ ಹೋಯಿತು. ಅಡಿಕೆ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಆಮೇಲೆ ಎಂಬುದು ಬರುವಷ್ಟರಲ್ಲಿ ಆಪರೇಷನ್ನಿಗೆ ತಡವಾಗಿತ್ತು. ಆ ಬಾಡಿಗೆಯಲ್ಲಿ ಅರ್ಧ ಹಳ್ಳದಾಚೆಯಿಂದ ಬಂದಿದ್ದರೆ ಹೋಗುತ್ತಿದ್ದೆವೇನೋ. ನೆಪವೂ ಇರಬಹುದು, ಅಲ್ಲವೆನ್ನಲಾರೆ.

ಹೆಣ್ಣುನಾಯಿ ಸಾಕಿದವರ ಪಾಲಿನ ತಪ್ಪನ್ನೂ ಹೇಳದೆ ಹೋದರೆ ಪತ್ರ ಏಕಪಕ್ಷೀಯವಾಗುತ್ತದೆ. ನಮ್ಮ ಅಡುಗೆಮನೆ ಗೋಡೆಯಲ್ಲಿ ಅಡಿಕೆ ಮಂಡಿಯ ಕ್ಯಾಲೆಂಡರ್ ಇದೆ. ಅದರಲ್ಲಿ ಹಸು ಬೆದೆಗೆ ಬಂದ ದಿನ ಗುಂಡುಸುತ್ತು, ಇಂಜೆಕ್ಷನ್ ಕೊಡಿಸಿದ ದಿನ ಗೀಟು, ಅಲ್ಲಿಂದ 21 ದಿನಕ್ಕೆ ಪ್ರಶ್ನಾರ್ಥಕ ಚಿಹ್ನೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ ಡಾಕ್ಟರು, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಒಂದು ದಿನವೂ ಇರದ ಹಸುವಿನ ಬೆದೆಯನ್ನು ಕೂಗಿನಲ್ಲೇ ಕಂಡುಹಿಡಿಯುವ ನಾವು, ಮೂರು ವಾರ ಇರುವ ನಾಯಿಯ ಬೆದೆಯನ್ನು ಜಗಲಿಯ ಮೇಲೆ ರಕ್ತದ ಹನಿ ಬಿದ್ದಾಗ ನೋಡಿ "ಥೂ" ಎಂದು ಒರೆಸಿ ಮರೆಯುತ್ತೇವೆ. ಆ ಹನಿ ಕಂಡ ದಿನ ಗುರುತು ಹಾಕಿಕೊಳ್ಳಬೇಕಾದ ದಿನ. ಮೊದಲ ಒಂಬತ್ತು ಹತ್ತು ದಿನ ಗಂಡುಗಳು ಬರುತ್ತವೆ, ಹೆಣ್ಣು ಗುರ್ರೆಂದು ಅಟ್ಟುತ್ತದೆ. ಆಗ ನಮಗೆ ಧೈರ್ಯ. ಆಮೇಲೆ ರಕ್ತ ತಿಳಿಯಾಗುತ್ತದೆ, ನಿಂತೇಹೋದಂತೆ ಕಾಣುತ್ತದೆ. ಬೆದೆ ಮುಗಿಯಿತೆಂದು ನಾವು ಸರಪಳಿ ಬಿಚ್ಚುವುದು ಸರಿಯಾಗಿ ಆ ದಿನ. ಅವತ್ತಿನಿಂದಲೇ ಅದು ಬಾಲ ಓರೆ ಮಾಡಿ ನಿಲ್ಲುವುದು. ಎಣಿಸಿ 21 ದಿನ, ಇನ್ನೂ ಒಂದೆರಡು ದಿನ ಸೇರಿಸಿಯೇ, ಒಳಗಿಟ್ಟರೆ ಉಳಿದ ಯಾವ ಪ್ರಶ್ನೆಯೂ ಹುಟ್ಟುವುದಿಲ್ಲ. ನನ್ನ ಕ್ಯಾಲೆಂಡರಿನಲ್ಲಿ ಅವತ್ತು ರಾಣಿಯ ಹೆಸರೇ ಇರಲಿಲ್ಲ, ಹನ್ನೆರಡನೇ ದಿನ ಎಂದು ಲೆಕ್ಕ ಹಾಕಿದ್ದೇ ಆಮೇಲೆ.

ಸಂಕ್ರಾಂತಿ ಕಳೆದು ಮೂರನೇ ದಿನ ರಾಣಿ ಮರಿ ಹಾಕಿದಳು. ಕೂಡಿ 63 ದಿನ ಎನ್ನುವುದು ಲೆಕ್ಕ, ನಾಲ್ಕೈದು ದಿನ ಹಿಂದೆಮುಂದೆ ಆಗುತ್ತದೆ. ಹೆರಿಗೆ ಸಲೀಸಾಯಿತು. ಏಳು ಮರಿ. ಮೂರು ಕಪ್ಪು, ಎರಡು ಕಂದು, ಒಂದು ಬಿಳಿ ಪಟ್ಟೆಯದು, ಒಂದು ಬೂದು. ಅಪ್ಪಂದಿರ ಲೆಕ್ಕ ನೀವೇ ಹಾಕಿಕೊಳ್ಳಿ. ತೊಂದರೆ ಬಂದದ್ದು ಹದಿನೆಂಟನೇ ದಿನಕ್ಕೆ. ರಾತ್ರಿ ಊಟ ಮುಗಿಸಿ ನೋಡಿದರೆ ರಾಣಿ ಮರಿಗಳ ಹತ್ತಿರ ಮಲಗದೆ ಸುತ್ತುತ್ತಿದ್ದಾಳೆ, ತೇಕುತ್ತಿದ್ದಾಳೆ, ಹಿಂಗಾಲು ಸೆಟೆದುಕೊಂಡಿದೆ. ಒಂಬತ್ತು ಗಂಟೆಗೆ ಮೈಯೆಲ್ಲ ನಡುಕ, ಬಿದ್ದುಬಿಟ್ಟಳು. ಮುಟ್ಟಿದರೆ ಕೈ ಸುಡುವಷ್ಟು ಮೈ ಬಿಸಿ. ಯಾರೋ ಹಾವು ಕಚ್ಚಿದೆ ಅಂದರು, ಇನ್ಯಾರೋ ವಿಷ ಹಾಕಿದ್ದಾರೆ ಅಂದರು. ಅತ್ತೆ ಮಾತ್ರ ಕೊಟ್ಟಿಗೆಯ ಕಡೆ ಕೈ ತೋರಿಸಿ, "ಹಸುವಿಗೆ ಕರು ಹಾಕಿದ ಮೇಲೆ ಬರ್ತದಲ್ಲ, ಹಾಲುಜ್ವರ, ಹಾಗೇ ಕಾಣ್ತದೆ ಕಣೆ" ಅಂದರು. ಓದಿದವರು ಯಾರಿಗೂ ಹೊಳೆಯದ್ದು ಅವರಿಗೆ ಹೊಳೆಯಿತು. ಪಿಕಪ್ಪಿನ ಹಿಂದೆ ಗೋಣಿ ಹಾಸಿ ಮಲಗಿಸಿಕೊಂಡು ಹೋದೆವು. ವೈದ್ಯರು ತಮ್ಮ ಮನೆಯ ಜಗಲಿಯ ಮೇಲೇ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರು, ಎದೆಬಡಿತ ಕೇಳುತ್ತ, ಹನಿಹನಿಯಾಗಿ. ಬೇಗ ಬಿಟ್ಟರೆ ಹೃದಯ ನಿಂತೀತಂತೆ. ಅರ್ಧ ಗಂಟೆಯಲ್ಲಿ ನಡುಕ ನಿಂತು, ರಾಣಿ ತಲೆಯೆತ್ತಿ ಸುತ್ತ ನೋಡಿದಳು, ಮರಿಗಳೆಲ್ಲಿ ಎಂಬಂತೆ.

ಆಮೇಲೆ ವೈದ್ಯರು ಬಸುರಿನಲ್ಲಿ ಏನು ಕೊಟ್ಟಿದ್ದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಹಸುವಿನ ಕ್ಯಾಲ್ಸಿಯಂ ಟಾನಿಕ್, ದಿನಕ್ಕೆರಡು ಸೌಟು. ಅದೇ ಕೆಟ್ಟದ್ದು ಅಂದರು. ಹೊರಗಿನಿಂದ ಧಾರಾಳ ಸಿಕ್ಕಿದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುವ ಗ್ರಂಥಿ ಸೋಮಾರಿಯಾಗುತ್ತದೆ. ಏಳು ಮರಿ ಹಾಲು ಎಳೆಯಲು ಶುರುಮಾಡಿದಾಗ ಅದು ಏಳುವುದಿಲ್ಲ. ಬಸುರಿನಲ್ಲಿ ಒಳ್ಳೆಯ ಊಟ ಸಾಕು, ಕೊನೆಯ ಮೂರು ವಾರ ಸ್ವಲ್ಪ ಹೆಚ್ಚು. ಟಾನಿಕ್ ಬೇಕಿದ್ದರೆ ಮರಿ ಹಾಕಿದ ಮೇಲೆ, ಅವರು ಹೇಳಿದರೆ ಮಾತ್ರ. ಬಸುರಿ ನಾಯಿ ಇರುವ ಮನೆಯವರು ಇದೊಂದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಇನ್ನೆರಡು ಸೂಚನೆಯೂ ಅವರದೇ: ನಾಯಿ ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಅಥವಾ ಒಳಗೆ ಮರಿ ಉಳಿದಿದ್ದೂ ಒಂದು ಬಂದು ಎರಡು ಗಂಟೆಯಾದರೂ ಇನ್ನೊಂದು ಬಾರದಿದ್ದರೆ, ಕಾಯಬಾರದು.

ಏಳರಲ್ಲಿ ನಾಲ್ಕು ಹೆಣ್ಣು. ಮೂರು ಗಂಡು ಯಾರಿಗೆಂದು ಎರಡೇ ದಿನದಲ್ಲಿ ನಿಗದಿಯಾಯಿತು, ಕಣ್ಣು ಬಿಡುವ ಮೊದಲೇ ಹೆಸರು ಹೇಳಿ ಹೋಗಿದ್ದರು. 8 ವಾರ ತಾಯಿಯ ಹತ್ತಿರ ಇರಲಿ ಎಂದು ನಾನು ಕೂಡಲೇ ಕೊಡಲಿಲ್ಲ, ಸಿಟ್ಟಾದರು. ಹೆಣ್ಣುಗಳನ್ನು ಕೇಳಿದವರೇ ಇಲ್ಲ. ಅಷ್ಟರಲ್ಲಿ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಹೇಳದ ಆ ಪರಿಹಾರವನ್ನು ಒಬ್ಬರು ಮೆಲ್ಲಗೆ ಹೇಳಿಯೂ ಬಿಟ್ಟರು. ಗೋಣಿಚೀಲ, ಬೆಳಗಿನ ಜಾವ, ಪೇಟೆಯ ಕೋಳಿ ಅಂಗಡಿಯ ಹಿಂದೆ. ಇಲ್ಲವೇ ಘಾಟಿಯ ತಿರುವು.

ಸಾಗರದ ಬಸ್ ಸ್ಟ್ಯಾಂಡಿರಲಿ, ರಿಪ್ಪನ್‌ಪೇಟೆ ಸರ್ಕಲ್ ಇರಲಿ, ಕೋಣಂದೂರಿನ ಸಂತೆಯಿರಲಿ, ಅಲ್ಲಿ ಮಲಗಿರುವ ನಾಯಿಗಳನ್ನು ನೋಡಿ ಪಂಚಾಯಿತಿಗೆ ಬೈಯುತ್ತೇವಲ್ಲ, ಅವುಗಳ ಅಜ್ಜಿ ಯಾರದೋ ಮನೆಯ ಹಿತ್ತಲಿನದೇ, ಅಜ್ಜ ನಿಮ್ಮಂಥವರ ಮನೆಯವನೇ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಒಳಗಿನ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಆಶ್ರಯತಾಣದಲ್ಲಿಡಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದಿತು. ನಾವು ಚೀಲದಲ್ಲಿ ಬಿಟ್ಟುಬಂದದ್ದಕ್ಕೆ ಕೋರ್ಟಿನ ತನಕ ಚರ್ಚೆ. ಸಾಕುಪ್ರಾಣಿಯನ್ನು ಹಸಿವಿಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಹಿಡಿ ರಾಶಿ ಅಡಿಕೆಯ ಬೆಲೆ. ಕಾನೂನಿಗೆ ಹೆದರಿ ಅಂತ ಹೇಳುವುದಕ್ಕೆ ನನಗೇ ನಗು ಬರುತ್ತದೆ. ಆದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಒಂದು ಸಾಲಿದೆ. ಸಾಕುಪ್ರಾಣಿಯ ಜಂತುಔಷಧಿ, ಲಸಿಕೆ, ಸಂತಾನಹರಣದ ಹೊಣೆ ಸಾಕಿದವರದು. ಸಾಕಿದವರದು ಅಂತಿದೆ. ಹೆಣ್ಣು ಸಾಕಿದವರದು ಅಂತಿಲ್ಲ.

ಗಂಡಿನ ಬೀಜ ಒಡೆಸುವ ಮಾತೆತ್ತಿದರೆ ಜಗಲಿಯ ಮೇಲಿರುವ ಗಂಡಸರ ಮುಖ ನೋಡಬೇಕು, ತಮ್ಮನ್ನೇ ಎಳೆದೊಯ್ಯುವಂತೆ. ಪಾಪ, ಅದರ ಗಂಡಸುತನ. ಮನೆ ಕಾಯುವುದಿಲ್ಲ. ದಪ್ಪಗಾಗಿ ಮಲಗಿಬಿಡುತ್ತದೆ. ಹೋರಿಗಳ ಬೀಜ ಒಡೆಸಿ ಎತ್ತು ಮಾಡಿ ಉತ್ತ ಮನೆತನಗಳು ನಮ್ಮವು, ಅದಕ್ಕೆ ಅರಿವಳಿಕೆಯೂ ಇರುತ್ತಿರಲಿಲ್ಲ. ಎತ್ತು ಹೂಡುವುದು ಬಿಟ್ಟಿತೇ? ನಾಯಿ ಮನೆ ಕಾಯುವುದು ಮನೆ ತನ್ನದೆಂದು, ಬೀಜ ಇದೆಯೆಂದಲ್ಲ. ಕಡಿಮೆಯಾಗುವುದು ಬೆದೆಯ ವಾಸನೆ ಹಿಡಿದು ಊರು ತಿರುಗುವುದು, ಹೆಣ್ಣಿಗಾಗಿ ಕಾದಾಡುವುದು. ಊಟ ಅಳತೆ ನೋಡಿ ಹಾಕಿದರೆ ದಪ್ಪವೂ ಆಗುವುದಿಲ್ಲ. ಹೆಣ್ಣಿನ ಆಪರೇಷನ್ನಿನಂತೆ ಹೊಟ್ಟೆ ಕೊಯ್ಯಬೇಕಾಗಿಲ್ಲ, ಸಂಜೆಗೆ ಮನೆಗೆ ಕರೆತರಬಹುದು. ಆಪರೇಷನ್ ಆದ ಮೇಲೂ ಕೆಲವು ವಾರ ಹಳೆಯ ವೀರ್ಯ ಉಳಿದಿರುತ್ತದೆ, ಒಂದು ತಿಂಗಳು ಕಟ್ಟಿಯೇ ಇರಬೇಕು, ಅಷ್ಟೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತು. ಊರ ನಾಯಿಗಳ ಸಂಖ್ಯೆ ಇಳಿಯಬೇಕಾದರೆ ಲೆಕ್ಕಕ್ಕೆ ಬರುವುದು ಹೆಣ್ಣಿನ ಆಪರೇಷನ್ನೇ. ಹತ್ತರಲ್ಲಿ ಒಂಬತ್ತು ಗಂಡಿಗೆ ಮಾಡಿಸಿದರೂ ಉಳಿದ ಒಂದು ಸಾಕು. ಹಾಗಾದರೆ ನಿಮಗೇಕೆ ಬರೆದೆ ಎಂದರೆ, ನಿಮ್ಮ ನಾಯಿಯ ಒಳಿತಿಗೂ ಬರೆದೆ. ಕಾರ್ತಿಕದಲ್ಲಿ ನಾಲ್ಕು ದಿನ ಕಾಣೆಯಾಗಿ ಕಿವಿ ಹರಿದುಕೊಂಡು ಬಂದ ನಾಯಿಯನ್ನು ನೋಡಿ "ಊರು ಸುತ್ತಿ ಬಂತು ನಮ್ಮ ಗಂಡು" ಅನ್ನುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಇರುತ್ತದೆ. ಬಾರದೇ ಹೋದವು ಎಷ್ಟು? ಶರಾವತಿ ಹಿನ್ನೀರಿನ ಆಚೀಚೆ, ಕೊಡಚಾದ್ರಿಯ ಬುಡದಲ್ಲಿ, ಆಗುಂಬೆಯ ಕಡೆ, ಚಿರತೆಗೆ ರಾತ್ರಿ ಒಂಟಿ ನಾಯಿಗಿಂತ ಸುಲಭದ ಊಟ ಇನ್ನೊಂದಿಲ್ಲ. ಹಂದಿಗೆ ಹಾಕಿದ ಉರುಳು ನಾಯಿಯ ಸೊಂಟವನ್ನೂ ಬಿಗಿಯುತ್ತದೆ. ಕಚ್ಚಾಟದಲ್ಲಿ ಹುಚ್ಚು ಅಂಟಿದರೆ ಅದು ಮನೆಯ ಮಕ್ಕಳ ತನಕ ಬರುತ್ತದೆ. ಕೂಡುವುದರಿಂದಲೇ ಹರಡುವ ಒಂದು ಗಡ್ಡೆರೋಗವೂ ಇದೆ, ಅಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸುರಿಸುತ್ತದೆ. ಸಾವಿರಾರು ವರ್ಷದ ಹಿಂದೆ ಎಲ್ಲೋ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳೇ ಇವತ್ತಿಗೂ ನಾಯಿಯಿಂದ ನಾಯಿಗೆ ದಾಟುತ್ತ ಬಂದಿವೆಯಂತೆ. ವಾರಕ್ಕೊಂದರಂತೆ ಇಂಜೆಕ್ಷನ್ ಕೊಡಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ, ಆದರೆ ಯಾರು ನೋಡುತ್ತಾರೆ? ಕಾಡು ಸುತ್ತಿ ಬಂದ ನಾಯಿ ಮೈತುಂಬ ಉಣುಗು ತರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡನ್ನು ಹೇಗೆ ಹಣ್ಣು ಮಾಡಿತೆಂದು ಅಕ್ಕನ ಮನೆಯ ಕಡೆ ಎಲ್ಲರಿಗೂ ಗೊತ್ತು. ಕಾಯಿಲೆ ತರುವುದು ನಾಯಿ ಎನ್ನುತ್ತಿಲ್ಲ. ಕಾಡಿನ ಉಣುಗನ್ನು ಅಂಗಳಕ್ಕೆ ಹೊತ್ತು ತರುವ ಒಂದು ಗಾಡಿ ಕಡಿಮೆಯಾಗಲಿ ಅನ್ನುತ್ತಿದ್ದೇನೆ, ಅದೂ ಉಣುಗಿನ ಕಾಲದಲ್ಲೇ.

ತೀರ್ಥಹಳ್ಳಿಯವಳಾಗಿ ನಾಯಿಗುತ್ತಿಯನ್ನು ನೆನೆಯದೆ ಹೇಗಿರಲಿ? 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿಗೆ ಆ ಹೆಸರು ಬಂದದ್ದೇ ಹುಲಿಯ ಎಂಬ ನಾಯಿ ಬೆನ್ನಿಗೆ ಇಲ್ಲದೆ ಅವನು ಎಲ್ಲೂ ಹೋಗುತ್ತಿರಲಿಲ್ಲ ಎಂದು. ಹುಲಿಯ ಈಗ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಗುತ್ತಿ ತಿರುಗಿ ನೋಡಿದರೆ ಸಾಕಿತ್ತು. ಈ ಕಾಗದ ಓದುತ್ತಿರುವ ಹೊತ್ತಿಗೆ ನಿಮ್ಮದು ಎಲ್ಲಿದೆ?

ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ರಾತ್ರಿ ನಾಯಿಯನ್ನು ಕಟ್ಟಿಹಾಕಿ. ರಾತ್ರಿ ಮಂಗ ಬರುವುದಿಲ್ಲ, ಹಂದಿಗೆ ಬಿಡಲೇಬೇಕೆನ್ನುವವರು ತೋಟದೊಳಗೆ ತಂತಿ ಎಳೆದು ಉದ್ದ ಸರಪಳಿಯಲ್ಲಿ ಬಿಡಿ. ಹತ್ತಿರದ ಮನೆಯಲ್ಲಿ ಹೆಣ್ಣುನಾಯಿ ಬೆದೆಗೆ ಬಂದಿದೆ ಎಂದು ಸುದ್ದಿ ಬಂದರೆ ಮೂರು ವಾರ ಕಟ್ಟಿಹಾಕಿ. ಸುದ್ದಿ ಮುಟ್ಟಿಸುವ ಕೆಲಸ ನಮ್ಮದು, ನಾಚಿಕೆ ಬಿಟ್ಟು ಮುಟ್ಟಿಸುತ್ತೇವೆ. ಹಾಗೂ ಆಗಿಹೋದರೆ ಗಾಡಿ ಬಾಡಿಗೆಯಲ್ಲಿ, ಆಪರೇಷನ್ ಖರ್ಚಿನಲ್ಲಿ ಅರ್ಧ ಕೊಡಿ. ಮರಿಯಾದರೆ ಒಂದು ಹೆಣ್ಣು ಮರಿಗೆ ನೀವು ಮನೆ ಹುಡುಕಿ. ಒಂದೇ ದಿನ ಒಂದೇ ಗಾಡಿಯಲ್ಲಿ ಎರಡೂ ನಾಯಿಯನ್ನು ಶಿವಮೊಗ್ಗಕ್ಕೆ ಕರೆದೊಯ್ದರೆ ಬಾಡಿಗೆಯೂ ಉಳಿಯುತ್ತದೆ.

ಹಳ್ಳದಾಚೆಯವರ ವಿಷಯ ಮುಗಿಸಿಬಿಡುತ್ತೇನೆ. ಮರಿಗಳಿಗೆ ಒಂಬತ್ತು ವಾರವಾದಾಗ ಅವರೇ ಬಂದರು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ, "ಕೆಳಗಿನ ತೋಟ ಕಾಯಕ್ಕೆ ಒಂದು ಮರಿ ಬೇಕಿತ್ತು ಅಕ್ಕಾ. ಗಂಡಾದ್ರೆ" ಅಂದರು. ಗಂಡೆಲ್ಲ ಹೋಗಿವೆ, ಕರಿಯನ ಹಾಗೇ ಇರುವ ಒಂದು ಹೆಣ್ಣಿದೆ ಅಂದೆ. ಬಹಳ ಹೊತ್ತು ನೋಡಿದರು. ಮರಿ ಅವರ ಚಪ್ಪಲಿಯ ಪಟ್ಟಿ ಕಚ್ಚಿಕೊಂಡು ಬಿಡಲೇ ಇಲ್ಲ. ಆರು ತಿಂಗಳಿಗೆ ರಾಣಿಯ ಆಪರೇಷನ್ನಿಗೆ ಗಾಡಿ ಹೋಗುವಾಗ ಅದನ್ನೂ ಹತ್ತಿಸುತ್ತೇನೆ, ಅರ್ಧ ಬಾಡಿಗೆ ನಿಮ್ಮದು ಅಂದೆ. ಹ್ಞೂಂ ಅಂದು ಎತ್ತಿಕೊಂಡು ಹೋದರು. ಹೇಳಿದ ಹಾಗೆ ಕೊಟ್ಟರು ಕೂಡ. ಕರಿಯನನ್ನು ಮಾತ್ರ ಹತ್ತಿಸಲಿಲ್ಲ.

ಇಂತಿ,
ಹೊಸನಗರ ತಾಲ್ಲೂಕಿನಲ್ಲಿ ಹೆಣ್ಣುನಾಯಿ ಸಾಕಿದವಳು

ತಾ.ಕ.: ಕಂದು ಬಣ್ಣದ, ಎಡಗಾಲಿನ ತುದಿ ಬೆಳ್ಳಗಿರುವ ಗಂಡುನಾಯಿಯೊಂದು ಮೂರು ದಿನದಿಂದ ನಮ್ಮ ಸೌದೆ ಕೊಟ್ಟಿಗೆಯಲ್ಲಿದೆ. ನಮ್ಮ ಕೆಳಗಿನ ಮನೆಯ ನಾಯಿ ಬೆದೆಗೆ ಬಂದಿದ್ದಕ್ಕೆ ಬಂದದ್ದಿರಬೇಕು. ಬಲಗಿವಿಯ ಗಾಯದಲ್ಲಿ ಹುಳ ಬಿದ್ದಿತ್ತು, ತೆಗೆಸಿ ಔಷಧಿ ಹಾಕಿದ್ದೇವೆ, ಅನ್ನ ತಿನ್ನುತ್ತಿದೆ. ಕುತ್ತಿಗೆಯಲ್ಲಿ ಹಸಿರು ನೈಲಾನ್ ಹಗ್ಗದ ತುಂಡು ಇದೆ, ಕಚ್ಚಿ ತುಂಡು ಮಾಡಿಕೊಂಡು ಬಂದಿದೆ. ಯಾರದೆಂದು ಗುರುತು ಹತ್ತಿದವರು ಬಂದು ಕರೆದುಕೊಂಡು ಹೋಗಿ. ಬರುವಾಗ ಸರಪಳಿ ತನ್ನಿ.